ನಕ್ಷತ್ರ ಗುರುತು

ರಾಜಾಜಿನಗರದ ನಮ್ಮ ಕಟ್ಟಡದಲ್ಲಿ
ಕೆಳಗೆ ನಾನು, ಜೆರಾಕ್ಸು, ಲ್ಯಾಮಿನೇಶನ್ನು, ಸ್ಪೈರಲ್ ಬೈಂಡಿಂಗು.
ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಆಕಾಶ.
ಆರು ತಿಂಗಳಲ್ಲಿ ಆಕಾಶ, ಎಂಬತ್ತೈದು ಸಾವಿರಕ್ಕೆ.
ಕೋಟು, ಸ್ಕಾರ್ಫು ಬೇರೆ.

ಅಲ್ಲಿ ಯಾವುದೋ ಹಳೇ ವಿಮಾನದ ಎರಡು ಸೀಟು ತಂದಿಟ್ಟಿದ್ದಾರೆ.
ಹುಡುಗಿಯರು ಸರದಿಯಲ್ಲಿ ಬಾಗಿ
ಖಾಲಿ ಸೀಟಿಗೆ ನೀರು ಕೊಡುತ್ತಾರೆ,
ನಗುತ್ತಾ, ಹಲ್ಲು ಎಷ್ಟು ಕಾಣಬೇಕೋ ಅಷ್ಟೇ.
ಅವರ ಹಿಮ್ಮಡಿಗಳ ಸದ್ದು ನನ್ನ ಸೂರಿನ ಮೇಲೆ
ಯಾರೋ ದುಡ್ಡು ಎಣಿಸಿ ಇಟ್ಟಂತೆ, ಟಕ್ಕು ಟಕ್ಕು,
ಮಧ್ಯಾಹ್ನದ ತೂಕಡಿಕೆ ಕೆಡಿಸುತ್ತದೆ.

ಬ್ಯಾನರು ಮಾಡಿಕೊಟ್ಟವನು ನಾನೇ.
ನೂರಕ್ಕೆ ನೂರು ಉದ್ಯೋಗ, ಹಳದಿಯಲ್ಲಿ.
ಪಕ್ಕದಲ್ಲೊಂದು ನಕ್ಷತ್ರ.
'ಚಿಕ್ಕದು ಮಾಡ್ರೀ ಉಮಾಪತಿ, ಇನ್ನೂ ಚಿಕ್ಕದು' ಅಂದರು ಮೇಲಿನ ಮೇಡಂ.
ಮಾಡಿದೆ. ಮೌಸಿನ ಎರಡು ಎಳೆತಕ್ಕೆ
ಅದು ಸಾಸಿವೆಯಾಯಿತು,
ಆಮೇಲೆ ನೊಣದ ಹಿಕ್ಕೆ.

ಹಂಸವೇಣಿಯನ್ನು ಮೊದಲು ನೋಡಿದ್ದು ಅವಳಪ್ಪನ ಜೊತೆ.
ಮಹಾಲಕ್ಷ್ಮಿ ಲೇಔಟಿನ ಹೊಂಗೆ ಮರದಡಿ ಇಸ್ತ್ರಿ ಗಾಡಿ ಅವನದು.
ಆಧಾರಿನ ಪ್ರತಿ ತೆಗೆಸುವಾಗ ಕೇಳಿದ:
'ಸಾರ್, ಕೊಡಬಹುದಾ ಅಷ್ಟು ದುಡ್ಡು?'
ಬಟ್ಟೆಗೆ ಎಂಟು ರೂಪಾಯಿ.
ಕೆಟ್ಟ ಪ್ರತಿಯೊಂದರ ಬೆನ್ನಿಗೆ ಭಾಗಿಸಿ ನೋಡಿದೆ:
ಹತ್ತು ಸಾವಿರದ ಆರುನೂರ ಇಪ್ಪತ್ತೈದು ಬಟ್ಟೆ.
ಲೆಕ್ಕ ತೋರಿಸಲಿಲ್ಲ.
'ಒಳ್ಳೇದಾಗ್ಲಿ' ಅಂದೆ.
ಮೇಲಿನವರು ಆಗ ನನಗೆ
ಎರಡು ತಿಂಗಳ ಬಿಲ್ಲು ಬಾಕಿ ಇಟ್ಟಿದ್ದರು.

ಮೋಸ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು,
ಡೊಮಿನಿಕ್ ಇಲ್ಲದಿದ್ದರೆ.
ಲಿಂಗರಾಜಪುರದ ಹುಡುಗ, ಮಾತಾಡಿಸಿದರೆ ಚಪ್ಪಲಿ ನೋಡುತ್ತಿದ್ದವನು,
ಈಗ ಏರ್‌ಪೋರ್ಟಿನಲ್ಲಿ ಟ್ರಾಲಿಗಳ ಸಾಲು ತಳ್ಳುತ್ತಾನೆ, ಹನ್ನೆರಡು ಗಂಟೆ.
'ಸರ್ಟಿಫಿಕೇಟು ಯಾರೂ ಕೇಳ್ಲಿಲ್ಲಣ್ಣ,
ಕಂಟ್ರಾಕ್ಟರು ನನ್ನ ಎತ್ತರ ನೋಡಿ ತಗೊಂಡ.
ಆದ್ರೆ ಆ ಕೋಟು ಇಲ್ದಿದ್ರೆ
ನಾನು ಗೇಟಿನ ತನಕ ಹೋಗ್ತಾನೇ ಇರ್ಲಿಲ್ಲ.'
ಅಷ್ಟು ಧೈರ್ಯಕ್ಕೆ ಎಂಬತ್ತೈದು ಸಾವಿರ ಹೆಚ್ಚೋ ಕಡಿಮೆಯೋ,
ನನ್ನ ದರಪಟ್ಟಿಯಲ್ಲಿಲ್ಲ.

ನನಗೆ ಗೊತ್ತಿರುವುದು ಲ್ಯಾಮಿನೇಶನ್ನು.
ಬಿಸಿ ರೋಲರಿನಿಂದ ಈಚೆ ಬರುವ ಸರ್ಟಿಫಿಕೇಟು
ಹಪ್ಪಳದ ಹಾಗೆ ಸೊಟ್ಟ, ಒತ್ತಿ ನೆಟ್ಟಗೆ ಮಾಡಬೇಕು.
ಒಂದೊಂದರಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಹೆಸರಿನ ಮೇಲೆಯೇ.
ಅದಕ್ಕೆ ಮದ್ದಿಲ್ಲ.
ಬಿಚ್ಚಲು ಹೋದರೆ ಕಾಗದವೇ ಹರಿಯುತ್ತದೆ.

ಹಂಸವೇಣಿಗೆ ಸಿಕ್ಕ ಉದ್ಯೋಗ: ಮಾಲಿನ ಬಾಗಿಲಲ್ಲಿ ನಿಂತು
ಸೆಂಟು ಹಾಕಿದ ಚೀಟಿ ಹಂಚುವುದು, ಹದಿನೇಳು ದಿನ.
ಮೊನ್ನೆ ಮೆಟ್ಟಿಲು ಹತ್ತಿದಳು. ಅದೇ ಕೋಟು,
ಅಪ್ಪನ ಇಸ್ತ್ರಿಯ ಗೆರೆ ಮುಟ್ಟಿದರೆ ಬೆರಳು ಕೊಯ್ದೀತು.
ಬಾಗಿಲು ತೆರೆದಿತ್ತು, ಎಲ್ಲಾ ಕೇಳಿಸಿತು.
ಕೂಗಾಡಲಿಲ್ಲ. ಅಲ್ಲೇ ಕಲಿಸಿದ ಇಂಗ್ಲಿಷಿನಲ್ಲಿ,
ಅಲ್ಲೇ ಕಲಿಸಿದ ದನಿಯಲ್ಲಿ,
ದುಡ್ಡು ವಾಪಸ್ಸು ಕೇಳಿದಳು.
ಮೇಡಂ ತಡವರಿಸಿದರು,
ಕೊನೆಗೆ ಕನ್ನಡಕ್ಕೆ ಇಳಿದರು.
ಆ ಕೋಣೆಯಲ್ಲಿ ಅಷ್ಟು ಚೆನ್ನಾಗಿ
ಯಾರೂ ಪಾಸಾಗಿದ್ದಿಲ್ಲ.

ಕೆಳಗೆ ಬಂದು ನನ್ನ ಮೇಜಿಗೆ ಒರಗಿದಾಗ
ಕೈ ನಡುಗುತ್ತಿತ್ತು.
'ಅಂಕಲ್, ಗ್ರಾಹಕರ ಆಯೋಗಕ್ಕೆ ಕೊಡ್ಬೇಕು.
ಆ ಬ್ಯಾನರಿನ ಫೈಲು ನಿಮ್ಮತ್ರ ಇರತ್ತಲ್ವಾ?
ಮೊದಲನೇದು. ನಕ್ಷತ್ರ ಕಾಣೋದು.'

ಮೇಲೆ ಹಿಮ್ಮಡಿಗಳು ಮತ್ತೆ ಶುರುವಾದವು.
ಹೊಸ ಬ್ಯಾಚು. ಇವತ್ತು ಮೂವತ್ತು ಐಡಿ ಕಾರ್ಡು, ಸಂಜೆಯೊಳಗೆ.
ಫೋಲ್ಡರು ತೆರೆದೆ, ಮುಚ್ಚಿದೆ,
ತೆರೆದೆ.
ಯಂತ್ರ ಬಿಸಿಯಾಗಲು ಒಂದು ನಿಮಿಷ ಹಿಡಿಯುತ್ತದೆ.
ಅಷ್ಟರಲ್ಲಿ, ಅವಳ ಮುಖ ನೋಡದೆ,
ದಿನಾ ಕೇಳುವುದನ್ನೇ ಕೇಳಿದೆ:
'ಎಷ್ಟು ಪ್ರತಿಯಮ್ಮ?
ಕಲರ್ರಾ, ಬ್ಲ್ಯಾಕ್ ಅಂಡ್ ವೈಟಾ?'